ಮೈಲಿಗೆಯಿಲ್ಲದ ಕಂಬಳಿ

ಸಂಸೆ
೨೦ ಅಕ್ಟೋಬರ್ ೧೯೯೭

ಪ್ರೀತಿಯ ರಂಗೂ,

ಈ ಕಾಗದ ಓದುತ್ತಾ ನಿನಗೆ ಕಾಲು ತುರಿಸಿದರೆ ನನ್ನನ್ನು ಬೈಯಬೇಡ. ನಮ್ಮ ಮನೆಗೆ ಚಿಗಟ ಬಂದಿದೆ. ಮಳೆ ಬಿಡುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಹಾರುತ್ತಿತ್ತು. ಈಗ ಜಗಲಿಯಲ್ಲಿ ಕೂತು ನೆಮ್ಮದಿಯಾಗಿ ಒಂದು ಸೌತೆಕಾಯಿ ಹೆಚ್ಚುವ ಹಾಗಿಲ್ಲ. ಎಳ್ಳಿನ ಗಾತ್ರದ ಪ್ರಾಣಿ, ಹಿಡಿದೆ ಅನ್ನುವಷ್ಟರಲ್ಲಿ ಇನ್ನೊಂದು ಕಾಲಿನ ಮೇಲಿರುತ್ತದೆ. ಮಗ ಅಜಿತ ಪಾಠ ಕೇಳದೆ ಮೈ ಕೆರೆಯುತ್ತಾ ಕೂರುತ್ತಾನೆಂದು ಅವನ ಟೀಚರು ಹೇಳಿ ಕಳಿಸಿದರು. ನನಗೆ ನಾಚಿಕೆಯಾಯಿತು.

ಎಲ್ಲರ ಬೆರಳೂ ಶುಂಠಿಯ ಕಡೆಗೇ. ಶುಂಠಿ ಅಂದರೆ ನಮ್ಮ ಅತ್ತೆಯ ಕೆಂಚು ಬೆಕ್ಕು. ಹಿಂದೆ ನೀನು ಬಂದಾಗ ನಿನ್ನ ಸೆರಗಿನ ಮೇಲೆ ಮಲಗಿ ಏಳಲೊಲ್ಲೆ ಅಂದಿತ್ತಲ್ಲ, ಅದೇ. ಅತ್ತೆ ಹೋಗಿ ಒಂದೂವರೆ ವರ್ಷವಾಯಿತು. ಕಡೆಯ ವಾರ ನನ್ನ ಕೈ ಹಿಡಿದುಕೊಂಡರು. ಮನೆ, ಮಗ, ಒಡವೆ, ಏನಾದರೂ ಹೇಳುತ್ತಾರೆ ಅಂದುಕೊಂಡೆ. "ಶುಂಠಿಗೆ ಹಾಲು ತಪ್ಪಿಸ್ಬೇಡ ಅಂಬುಜಾ" ಅಂದರು. ಹೂಂ ಅಂದಿದ್ದೆ.

ಮೊನ್ನೆ ಎಲೆಯ ಮುಂದೆ ಕೂತ ಮಾವ ಪಂಚೆ ಸರಿಸಿ ಮೀನಖಂಡ ತೋರಿಸಿದರು. ದಡಾರ ಎದ್ದ ಹಾಗೆ ಕೆಂಪು ಬೊಕ್ಕೆ. ದೇವಸ್ಥಾನದ ಪೂಜೆ ಮಾಡುವವರು, ಮಂತ್ರದ ನಡುವೆ ಕೆರೆದುಕೊಳ್ಳುವ ಹಾಗೂ ಇಲ್ಲ. "ವೈಶಾಖದಲ್ಲಿ ಅಜಿತನ ಉಪನಯನ. ನೆಂಟ್ರು ಬಂದು ಮಲಗೋ ಮನೆ ಇದು. ಅಷ್ಟ್ರೊಳಗೆ ಚಿಗಟ ಹೋಗ್ಬೇಕು. ಇಲ್ದಿದ್ರೆ ಬೆಕ್ಕು ಹೋಗ್ಬೇಕು. ಹೊಳೆ ಆಚೆ ಬಿಟ್ಟು ಬಂದ್ರಾಯ್ತು" ಅಂದರು. ನಮ್ಮವರು ತಲೆ ಎತ್ತದೆ ಮಜ್ಜಿಗೆ ಹಾಕಿಸಿಕೊಂಡರು.

ಸಾಲದ್ದಕ್ಕೆ ತೀರ್ಥಹಳ್ಳಿಯಿಂದ ಜಲಜತ್ತಿಗೆ, ನಮ್ಮವರ ಅಕ್ಕ, ಉಪನಯನಕ್ಕೆ ಒಂದು ತಿಂಗಳು ಮೊದಲೇ ಬರುತ್ತಾರಂತೆ. ಅವರು ಚಪ್ಪಲಿ ಬಿಡುವ ಮೊದಲೇ ಅಟ್ಟದ ಜೇಡರಬಲೆ ನೋಡುವವರು. ಅವರ ಕಾಲಿಗೆ ಒಂದು ಚಿಗಟ ಹತ್ತಿದರೆ ಶುಂಠಿಯ ಜೊತೆ ನನ್ನನ್ನೂ ಹೊಳೆಯಾಚೆ ಬಿಡುತ್ತಾರೆ.

ನೀನು ನಾಯಿ ಸಾಕಿದವಳು. ಮೂಡಿಗೆರೆ ಹಾಸ್ಟೆಲಿನಲ್ಲಿ ತಿಗಣೆಯ ಮೇಲೆ ದಂಡೆತ್ತಿ ಹೋದವಳೂ ನೀನೇ. ಆಗ ನೀನು ಹೇಳಿದ ಕಡೆ ನಾನು ಬಿಸಿನೀರು ಸುರಿದೆ. ಈಗಲೂ ಚೊಂಬು ಹಿಡಿದು ನಿಂತಿದ್ದೇನೆ. ಎಲ್ಲಿ ಸುರಿಯಲಿ, ಹೇಳು.

ನಿನ್ನ
ಅಂಬುಜಾ


ಬಣಕಲ್
೩೧ ಅಕ್ಟೋಬರ್ ೧೯೯೭

ಅಂಬೂ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ಒಂದು ಬೆಕ್ಕಿನ ಚಿಗಟಕ್ಕೆ ಇಷ್ಟು ಗೋಳಾಡುತ್ತೀಯಲ್ಲ ಮಾರಾಯ್ತಿ. ನಮ್ಮಲ್ಲಿ ಎರಡು ನಾಯಿ. ಟೈಗರ್ ಅನ್ನುವ ಗಂಡು, ರಾಣಿ ಅನ್ನುವ ಹೆಣ್ಣು, ಎರಡೂ ಕರುವಿನಷ್ಟಿವೆ. ಇಡೀ ದಿನ ತೋಟ ಸುತ್ತಿ ಬರುತ್ತವೆ. ಆದರೂ ನಮ್ಮ ಮನೆಯಲ್ಲಿ ಚಿಗಟ ಅನ್ನುವ ಮಾತೇ ಇಲ್ಲ. ಯಾಕೆ ಹೇಳು? ಪುಡಿ.

ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಅಂತ ನಮ್ಮ ಯಜಮಾನರು ತರಿಸಿಟ್ಟ ಪುಡಿ ಇದೆ. ನಾನು ಅದನ್ನೇ ಒಂದು ಹಿಡಿ ತೆಗೆದು ನಾಯಿಗಳ ಬೆನ್ನಿಗೆ ಉಜ್ಜಿಸುತ್ತೇನೆ. ಮರದ ಹುಳ ಸಾಯುವ ಪುಡಿಗೆ ಚಿಗಟ ಯಾವ ಲೆಕ್ಕ? ಒಂದು ಪೊಟ್ಟಣ ಕಟ್ಟಿ ಕಳಸದ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ನಾಗೇಶನ ಕೈಲಿ ಕೊಟ್ಟಿದ್ದೇನೆ. ಸಂಸೆ ಸ್ಟಾಪಿನಲ್ಲಿ ಕೇಳಿ ತೆಗೆದುಕೋ. ಬೆಕ್ಕಿಗೆ ಚೆನ್ನಾಗಿ ಹಚ್ಚು, ಕುತ್ತಿಗೆ ಬಿಡಬೇಡ.

ನಿಮ್ಮ ಜಲಜತ್ತಿಗೆಯ ಹೆಸರು ಕೇಳಿದರೆ ನನಗೇ ಭಯವಾಗುತ್ತದೆ. ಅವರು ಬರುವಷ್ಟರಲ್ಲಿ ಮನೆ ಕನ್ನಡಿಯಾಗಿರುತ್ತದೆ, ನೋಡುತ್ತಿರು. ಗೆದ್ದ ಮೇಲೆ ಒಂದು ಡಬ್ಬಿ ಹಲಸಿನ ಹಪ್ಪಳ ನನಗೆ ಬರಬೇಕು.

ರಂಗಮ್ಮ


ಸಂಸೆ
೧೨ ನವೆಂಬರ್ ೧೯೯೭

ರಂಗೂ,

ಪೊಟ್ಟಣ ಬಂತು. ಬೆಳಿಗ್ಗೆ ಮಾವ ದೇವಸ್ಥಾನಕ್ಕೆ ಹೋದ ಕೂಡಲೇ ಶುಂಠಿಯನ್ನು ಹಿಡಿದು ನೀನು ಹೇಳಿದ ಹಾಗೆಯೇ ಹಚ್ಚಿದೆ. ಕುತ್ತಿಗೆಗೂ. ಮೂಗು ಕಟ್ಟುವ ವಾಸನೆ. ಬೆಕ್ಕು ನನ್ನ ಕಡೆ ಒಂದು ನೋಟ ನೋಡಿ ಒಲೆಯ ಹಿಂದೆ ಹೋಗಿ ಮೈ ನೆಕ್ಕಿಕೊಳ್ಳುತ್ತಾ ಕೂತಿದೆ. ಇಂದು ನನ್ನ ಮನಸ್ಸು ಹಗುರಾಗಿದೆ. ಅಂಚೆಯವನು ಬಂದ, ಮುಗಿಸುತ್ತೇನೆ. ಹಪ್ಪಳ ಖಂಡಿತ.

ಅಂಬುಜಾ


ಬಣಕಲ್
೩೦ ನವೆಂಬರ್ ೧೯೯೭

ಅಂಬೂ,

ಏನಾಯಿತು ಅಂತ ಬರೆಯಲೇ ಇಲ್ಲ. ಚಿಗಟದ ಹೆಣ ಗುಡಿಸಿ ಪುರುಸೊತ್ತಿಲ್ಲವೋ? ಇಲ್ಲಿ ಕಾಫಿ ಕೊಯ್ಲು ಶುರುವಾಗಿದೆ. ಬೆಳಗಾದರೆ ಆಳುಗಳ ಲೆಕ್ಕ, ಸಂಜೆಯಾದರೆ ಬುಟ್ಟಿಗಳ ಲೆಕ್ಕ. ಆದರೂ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಕಡೆ ಕಣ್ಣು ಹೋಗುತ್ತದೆ. ಎರಡು ಸಾಲು ಗೀಚು.

ರಂಗಮ್ಮ


ಬಣಕಲ್
೨೨ ಡಿಸೆಂಬರ್ ೧೯೯೭

ಅಂಬುಜಾ,

ಎರಡನೆಯ ಕಾಗದ ಇದು. ಕೆಲಸ ಆದ ಮೇಲೆ ರಂಗಿ ಯಾಕೆ ಬೇಕು ಅಂತ ಇರಬಹುದು. ಇರಲಿ. ಮೊನ್ನೆ ನಾಗೇಶ ಸಿಕ್ಕಿದ್ದ. ಸಂಸೆ ಭಟ್ಟರ ಮನೆಯವರು ಚೆನ್ನಾಗಿದ್ದಾರೆ, ನಿಮ್ಮ ಗೆಳತಿ ಬಸ್ ಸ್ಟಾಪಿನಲ್ಲಿ ಕಂಡರು, ಆದರೆ ಮಾತಾಡಿಸಲಿಲ್ಲ ಅಂದ. ಚೆನ್ನಾಗಿದ್ದೂ ಬರೆಯದಿದ್ದರೆ ನಾನು ಏನು ತಿಳಿಯಬೇಕು? ಹಪ್ಪಳ ಬೇಡ, ಕಾಗದವಾದರೂ ಬರಲಿ.

ರಂಗಮ್ಮ


ಸಂಸೆ
೮ ಜನವರಿ ೧೯೯೮

ರಂಗೂ,

ನಿನಗೆ ಮೂರು ಸಲ ಬರೆದೆ, ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಸಿಟ್ಟಿನಲ್ಲಿ ಬರೆದದ್ದನ್ನು ಅಂಚೆಗೆ ಹಾಕಿದರೆ ಆಮೇಲೆ ವಾಪಸು ತರುವವರು ಯಾರು, ಅದಕ್ಕೇ ಸುಮ್ಮನಿದ್ದೆ. ಈಗ ಸಿಟ್ಟು ಇಳಿದಿದೆ, ಹೇಳುತ್ತೇನೆ.

ನಿನಗೆ ಕಾಗದ ಹಾಕಿದ ಅದೇ ದಿನ ಮಧ್ಯಾಹ್ನ ಶುಂಠಿಯ ಬಾಯಲ್ಲಿ ನೊರೆ ಬಂತು. ಕಾಲು ನಿಲ್ಲಲಿಲ್ಲ, ಮೈಯೆಲ್ಲ ನಡುಗುತ್ತಿತ್ತು. ಬೆಕ್ಕು ಮೈ ನೆಕ್ಕುವ ಪ್ರಾಣಿ, ನಾಯಿಯಲ್ಲ. ಅಷ್ಟು ಪುಡಿಯೂ ಅದರ ಹೊಟ್ಟೆಗೇ ಹೋಗಿತ್ತು. ಇದು ನಿನಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅತ್ತೆಗೆ ಕೊಟ್ಟ ಮಾತು ನೆನಪಾಗಿ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಆಗ ಮಾವ ದೇವಸ್ಥಾನದಿಂದ ಬಂದರು. ಇನ್ನೂ ಮಡಿಯಲ್ಲಿದ್ದರು, ಮನೆಯ ನೈವೇದ್ಯ ಆಗಿರಲಿಲ್ಲ. ಬಂದವರು ಏನೂ ಕೇಳದೆ ಬೆಕ್ಕನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಉಗುರುಬೆಚ್ಚಗಿನ ನೀರು ಹೊಯ್ದು ಆ ಪುಡಿಯನ್ನೆಲ್ಲ ತೊಳೆದರು. ನಮ್ಮವರನ್ನು ಜೀಪಿನಲ್ಲಿ ಕಳಸಕ್ಕೆ ಅಟ್ಟಿದರು, ದನದ ಡಾಕ್ಟರನ್ನು ಕರೆತರಲು. ಡಾಕ್ಟರು ಸೂಜಿ ಚುಚ್ಚಿ, ನನ್ನನ್ನು ಚೆನ್ನಾಗಿ ಬೈದು ಹೋದರು. ಮಾವ ಮತ್ತೆ ಸ್ನಾನ ಮಾಡಿ ಪೂಜೆಗೆ ಕೂತಾಗ ಸಂಜೆಯಾಗಿತ್ತು. ಉಪನಯನ ಆಗುವ ಮನೆಯಲ್ಲಿ ಸಾವು ಬೇಡ ಅಂತ ಉಳಿಸಿರಬೇಕು.

ಶುಂಠಿ ಬದುಕಿದೆ. ಹಾಲು ಕುಡಿಯುತ್ತದೆ, ನನ್ನನ್ನು ಕಂಡರೆ ಓಡುತ್ತದೆ.

ಡಾಕ್ಟರು ಹೇಳಿದ್ದು ಇಷ್ಟು. ಬೆಕ್ಕಿಗೆ ಯಾವ ಪುಡಿಯೂ ಬೇಡ. ಹೇನಿನ ಬಾಚಣಿಗೆಯಲ್ಲಿ ದಿನಾ ಬಾಚಿ, ಸಿಕ್ಕಿದ್ದನ್ನು ಸೋಪಿನ ನೀರಿಗೆ ಅದ್ದಬೇಕು. ಚಿಗಟದ ಮೊಟ್ಟೆ ಬೆಕ್ಕಿನ ಮೈಯಲ್ಲಿ ನಿಲ್ಲುವುದಿಲ್ಲ, ಅದು ಮಲಗುವ ಜಾಗದಲ್ಲಿ ಉದುರುತ್ತದೆ, ಹಾಗಾಗಿ ಮನೆಯನ್ನೇ ತೊಳೆಯಬೇಕು. ಬಾಚಿದೆ. ತೊಳೆಯಬಹುದಾದದ್ದನ್ನೆಲ್ಲ ತೊಳೆದೆ. ಜಮಖಾನ, ಚಾಪೆ, ದಿಂಬಿನ ಚೀಲ, ಹಲಗೆಯ ಸಂದು, ಯಾವುದನ್ನೂ ಬಿಡಲಿಲ್ಲ. ಒಂದು ವಾರ ಸುಮ್ಮನಿರುತ್ತವೆ, ಮತ್ತೆ ಹಾರುತ್ತವೆ. ಎಲ್ಲಿಂದ ಬರುತ್ತವೋ ಆ ದೇವರಿಗೇ ಗೊತ್ತು. ವೈಶಾಖ ಹತ್ತಿರ ಬರುತ್ತಿದೆ.

ಅಂಬುಜಾ


ಬಣಕಲ್
೧೯ ಜನವರಿ ೧೯೯೮

ಅಂಬೂ,

ನಿನ್ನ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ. ತಪ್ಪು ನನ್ನದೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳುವುದು ನನ್ನ ಹಳೇ ರೋಗ, ನಿನಗೆ ಹಾಸ್ಟೆಲಿನಿಂದಲೂ ಗೊತ್ತು. ಆ ಹರಿದ ಕಾಗದಗಳನ್ನು ಹಾಗೇ ಕಳಿಸಿದ್ದರೂ ಸರಿಯಾಗಿತ್ತು. ಮನೆಯಲ್ಲಿ ಉಳಿದಿದ್ದ ಪುಡಿಗೆ ಬೀಗ ಹಾಕಿಸಿದ್ದೇನೆ. ನಾಯಿಗಳಿಗೂ ಇನ್ನು ಹಚ್ಚುವುದಿಲ್ಲ.

ಈಗ ನನ್ನ ಮಾತು ನಂಬುತ್ತೀಯೋ ಇಲ್ಲವೋ, ಎರಡು ಸಂಗತಿ ಕೇಳುತ್ತೇನೆ. ಬೆಕ್ಕನ್ನು ಹೊಳೆಯಾಚೆ ಬಿಡಬೇಕು ಅನ್ನುವ ಮನುಷ್ಯ ಮಡಿ ಕೆಡಿಸಿಕೊಂಡು ಅದನ್ನು ಎತ್ತಿಕೊಳ್ಳುತ್ತಾರಾ? ಸಾವು ಬೇಡ ಅಂತಿದ್ದರೆ ಆಳಿನ ಕೈಲಿ ಹೊರಗೆ ಹಾಕಿಸುತ್ತಿದ್ದರು. ನಿಮ್ಮ ಮಾವನನ್ನು ನೀನು ಸರಿಯಾಗಿ ನೋಡಿಲ್ಲ.

ಇನ್ನೊಂದು, ನೀನು "ತೊಳೆಯಬಹುದಾದದ್ದನ್ನೆಲ್ಲ" ತೊಳೆದೆ ಅಂತ ಬರೆದಿದ್ದೀ. ಹಾಗಾದರೆ ನಿಮ್ಮ ಮನೆಯಲ್ಲಿ ತೊಳೆಯಬಾರದ್ದು ಏನಿದೆ? ನಾವು ಒಕ್ಕಲು ಜನ, ಕೊಳೆಯಾದದ್ದು ಯಾವುದೇ ಇರಲಿ ತೊಳೆಯುತ್ತೇವೆ. ನಿಮ್ಮ ಲೆಕ್ಕ ನನಗೆ ಗೊತ್ತಿಲ್ಲ. ಆ ತೊಳೆಯಬಾರದ್ದು ಯಾವುದು, ಅದರ ಮೇಲೆ ಯಾರು ಮಲಗುತ್ತಾರೆ, ಹೋಗಿ ನೋಡು.

ರಂಗಮ್ಮ


ಸಂಸೆ
೧೪ ಫೆಬ್ರವರಿ ೧೯೯೮

ರಂಗೂ,

ನೋಡಿದೆ. ನೋಡಬಾರದಿತ್ತು ಅನಿಸಿತು, ಆದರೆ ನೋಡಿದೆ.

ನಮ್ಮಲ್ಲಿ ಕಂಬಳಿಗೆ ಮೈಲಿಗೆ ಇಲ್ಲ. ಹತ್ತಿಯ ಬಟ್ಟೆ ಯಾರು ಮುಟ್ಟಿದರೂ ಮೈಲಿಗೆ, ಉಣ್ಣೆಗೆ ಅದು ತಟ್ಟುವುದಿಲ್ಲ. ಅದು ಯಾವಾಗಲೂ ಮಡಿಯೇ, ಹಾಗಾಗಿ ತೊಳೆಯುವ ಮಾತೇ ಬರುವುದಿಲ್ಲ. ದೇವರ ಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿ ಮಾವನ ಕಂಬಳಿ ಇದೆ. ಮನೆಯೆಲ್ಲ ತೊಳೆದಾಗ ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ ಅಂತ ಹೇಳಿದರೆ ನಂಬುತ್ತೀಯಾ? ದೇವರ ಪೆಟ್ಟಿಗೆ ತೊಳೆಯಬೇಕು ಅಂತ ಯಾರಿಗಾದರೂ ಹೊಳೆಯುತ್ತದಾ, ಇದೂ ಹಾಗೆಯೇ.

ಊಟವಾದ ಮೇಲೆ ಮಾವ ಆ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಳಿಗೆ ಮಲಗುತ್ತಾರೆ. ನಿನ್ನೆ ಕುಡಿಯುವ ನೀರು ಇಡುವ ನೆವದಲ್ಲಿ ಮೆಲ್ಲಗೆ ಬಾಗಿಲು ತಳ್ಳಿದೆ. ಕಂಬಳಿಯ ಮೇಲೆ ಮಾವ ನಿದ್ದೆ ಹೋಗಿದ್ದರು. ಅವರ ಹೊಟ್ಟೆಯ ಬಳಿ ಸುರುಳಿ ಸುತ್ತಿಕೊಂಡು ಶುಂಠಿ. ಅದರ ಬೆನ್ನ ಮೇಲೆ ಮಾವನ ಕೈ. ನಿದ್ದೆಯಲ್ಲೇ ಒಂದು ಕಾಲಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದರು, ಬೆಕ್ಕಿನ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ನೀರಿನ ಲೋಟ ಹಿಡಿದು ಹಾಗೇ ವಾಪಸು ಬಂದೆ.

ಕಂಬಳಿ ಮಾವನದೇ, ಆದರೆ ಕಡೆಯ ಚಳಿಗಾಲ ಹೊದ್ದದ್ದು ಅತ್ತೆ. ಅವರು ಹೋದ ಮೇಲೆ ಹಾಸಿಗೆ, ಸೀರೆ, ಎಲ್ಲವನ್ನೂ ಕೊಟ್ಟೆವು. ಕಂಬಳಿಗೆ ಕೈ ಹಾಕಿದಾಗ ಮಾವ ತಡೆದು, "ಅದಕ್ಕೆ ಮೈಲಿಗೆ ಇಲ್ಲ, ಇರ್ಲಿ" ಅಂದಿದ್ದರು. ಶಾಸ್ತ್ರ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ. ಈಗ ಅರ್ಥವಾಗುತ್ತಿದೆ. ಬೆಕ್ಕು ಅತ್ತೆಯದು, ಕಂಬಳಿ ಅತ್ತೆ ಹೊದ್ದದ್ದು. ಎರಡನ್ನೂ ಮಾವ ಬಾಗಿಲು ಹಾಕಿ ಇಟ್ಟುಕೊಂಡಿದ್ದಾರೆ. ಹೊಳೆಯಾಚೆ ಬಿಡಿ ಅಂದದ್ದು ಅವರೇ. ನಮ್ಮ ಮುಂದೆ ಆಡಿದ ಮಾತಿಗೆ ಅವರೂ ಸಿಕ್ಕಿಬಿದ್ದಿದ್ದಾರೆ.

ಹೇಳು, ನಾನು ಯಾವ ಬಾಯಲ್ಲಿ ಆ ಕಂಬಳಿ ಕೊಡಿ ಅನ್ನಲಿ?

ಅಂಬುಜಾ


ಬಣಕಲ್
೨೬ ಫೆಬ್ರವರಿ ೧೯೯೮

ಅಂಬೂ,

ಓದಿ ಕಣ್ಣೊರೆಸಿಕೊಂಡೆ. ನಮ್ಮ ಯಜಮಾನರು ಏನಾಯಿತು ಅಂತ ಕೇಳಿದರು. ಚಿಗಟ ಅಂದೆ. ನನಗೇನೋ ಆಗಿದೆ ಅನ್ನುವ ಹಾಗೆ ನೋಡಿ ತೋಟಕ್ಕೆ ಹೋದರು.

ಆದರೆ ಅಳುತ್ತಾ ಕೂತರೆ ಬೆಕ್ಕು ಉಳಿಯುವುದಿಲ್ಲ. ಮಾವ ಬೇರೆ ಊರಿಗೆ ಹೋಗುವ ದಿನ ನೋಡಿ ಕಂಬಳಿ ಎತ್ತು, ಒಗೆ, ಒಣಗಿಸು, ಮೊದಲಿನ ಹಾಗೇ ಮಡಚಿ ಇಡು. ಕೇಳಿದರೆ ನನಗೆ ಗೊತ್ತಿಲ್ಲ ಅನ್ನು. ನಾನಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಸಲ ಒಗೆದಿರುತ್ತಿದ್ದೆ.

ರಂಗಮ್ಮ


ಸಂಸೆ
೨೮ ಮಾರ್ಚ್ ೧೯೯೮

ರಂಗೂ,

ಕದಿಯುವುದು ನನ್ನಿಂದ ಆಗದು. ಎರಡು ಸಲ ಕೋಣೆಯ ತನಕ ಹೋಗಿ ಬಂದೆ. ಅದರಲ್ಲಿ ಅತ್ತೆಯ ವಾಸನೆ ಏನಾದರೂ ಉಳಿದಿದ್ದರೆ ಅದನ್ನು ತೊಳೆದು ಹಾಕಿದವಳು ನಾನೇ ಆಗುತ್ತೇನೆ. ಆಮೇಲೆ ಆ ಮನುಷ್ಯನ ಮುಖ ಹೇಗೆ ನೋಡಲಿ?

ಮೇ ಹತ್ತಕ್ಕೆ ಮುಹೂರ್ತ ಇಟ್ಟಾಗಿದೆ, ಆಮಂತ್ರಣ ಆಮೇಲೆ ಬರುತ್ತದೆ. ನೀನು ಬರಲೇಬೇಕು. ಚಿಗಟ ಹಾಗೇ ಇದೆ. ಮೊನ್ನೆ ಕಾಫಿ ಅರಳಿಸುವ ಹೂಮಳೆ ಬಿದ್ದು ಸೆಕೆ ಏರಿದ ಮೇಲೆ ಇನ್ನೂ ಹೆಚ್ಚಿದೆ. "ಬೆಕ್ಕಿಗೊಂದು ಗೋಣಿಚೀಲ ತೆಗೆದಿಡು" ಅಂದರು ನಮ್ಮವರು, ನನ್ನ ಮುಖ ನೋಡದೆ. ಜಲಜತ್ತಿಗೆ ಬರುವ ಬುಧವಾರ ಬರುತ್ತಾರೆ. ನನ್ನ ಕಥೆ ಮುಗಿಯಿತು ಅಂದುಕೋ.

ಅಂಬುಜಾ


ಸಂಸೆ
೧೪ ಏಪ್ರಿಲ್ ೧೯೯೮

ರಂಗೂ, ರಂಗೂ,

ಕೂತು ಓದು. ನಿಂತು ಓದುವ ಕಾಗದ ಅಲ್ಲ ಇದು.

ಜಲಜತ್ತಿಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಸೀರೆ ಕೊಡವಿಕೊಂಡು ಮೀನಖಂಡ ನೋಡಿಕೊಂಡರು. ನಾನು ಕಂಬಕ್ಕೆ ಒರಗಿ ನಿಂತೆ. "ಎಂತದು ಇದು, ಚಿಗಟವಾ?" ಅಂದರು. ಹೌದು ಅಂದೆ. ಎಷ್ಟು ದಿನದಿಂದ ಅಂದರು. ಅಳು ಬಂದುಬಿಟ್ಟಿತು, ಪುಡಿ, ಡಾಕ್ಟರು, ಚಾಪೆ, ಜಮಖಾನ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾ ಕೇಳಿದರು, "ಅಪ್ಪನ ಕಂಬಳಿ ತೊಳ್ದ್ಯಾ?"

"ಅದು ಮಡಿ ಅಲ್ವಾ ಅತ್ತಿಗೆ, ಅದನ್ನ ತೊಳೀತಾರಾ?"

ಜಲಜತ್ತಿಗೆ ನಕ್ಕರು ಮಾರಾಯ್ತಿ. ಹದಿನಾಲ್ಕು ವರ್ಷದಲ್ಲಿ ಅವರು ಹಾಗೆ ನಕ್ಕದ್ದು ನಾನು ನೋಡಿಲ್ಲ. "ಅಮ್ಮ ವರ್ಷ ವರ್ಷ ತೊಳೀತಿದ್ಳು ಕಣೇ. ಮಳೆ ಮುಗ್ದ್ಮೇಲೆ ಅಪ್ಪ ಹೊರನಾಡಿಗೆ ಹೋಗ್ತಿದ್ರಲ್ಲ, ಅವ್ರು ಬಸ್ ಹತ್ತಿದ್ದೇ ತಡ, ನಾನೂ ಅಮ್ಮನೂ ಕಂಬಳಿ ಹೊತ್ಕೊಂಡು ಹಳ್ಳಕ್ಕೆ. ಅಪ್ಪ ಬರೋ ಹೊತ್ತಿಗೆ ಮಡಚಿ ಇಟ್ಟಾಗಿರೋದು. ಕಂಬಳಿಗೆ ಮೈಲಿಗೆ ಇಲ್ಲ, ನೋಡು ಹೇಗೆ ಹೊಸದ್ರ ಹಾಗೆ ಇದೆ ಅಂತ ಅಪ್ಪ ಊರಿಗೆಲ್ಲ ಹೇಳೋರು" ಅಂದರು. ಜಲಜತ್ತಿಗೆ ಮದುವೆಯಾಗಿ ಹೋದ ಮೇಲೆ ಅತ್ತೆ ಒಬ್ಬರೇ ತೊಳೆದು, ಹಳ್ಳದ ದಡದಲ್ಲೇ ಒಣಗಿಸಿ ತರುತ್ತಿದ್ದರಂತೆ. ನನಗೂ ಗೊತ್ತಾಗಲಿಲ್ಲ. ಅತ್ತೆ ಹೋದರು, ತೊಳೆಯುವುದು ನಿಂತಿತು, ಚಿಗಟ ಬಂತು.

ಶನಿವಾರ ಮಾವ ಮೊದಲ ಆಮಂತ್ರಣ ದೇವರ ಮುಂದಿಡಲು ಹೊರನಾಡಿಗೆ ಹೋದರು. ಬಸ್ಸಿನ ಸದ್ದು ತಿರುವು ದಾಟಿತು. ನಾವಿಬ್ಬರೂ ಕಳ್ಳರ ಹಾಗೆ ಕೋಣೆಗೆ ನುಗ್ಗಿದೆವು. ಕಂಬಳಿ ಎತ್ತಿದ ಜಾಗದಲ್ಲಿ ಕರಿ ಸಾಸಿವೆಪುಡಿ ಚೆಲ್ಲಿದಂತಿತ್ತು, ಅದರ ನಡುವೆ ಚಿಗಟದ ಬಿಳಿ ಮರಿಹುಳಗಳು ಮಿಡುಕುತ್ತಿದ್ದವು. ಆ ಕರಿಪುಡಿ ಚಿಗಟದ ಹಿಕ್ಕೆಯಂತೆ, ಒಂದು ಚಿಟಿಕೆ ನೀರಿಗೆ ಹಾಕಿದೆ, ನೀರು ಕೆಂಪಾಯಿತು. ಅಷ್ಟೂ ಮಾವನ ರಕ್ತ.

ಕುದಿಯುವ ನೀರು ಸುರಿಯಲು ಹೋದ ನನ್ನ ಕೈಯನ್ನು ಜಲಜತ್ತಿಗೆ ಹಿಡಿದರು. ಉಣ್ಣೆಗೆ ಕುದಿನೀರು ಬಿದ್ದರೆ ಕುಗ್ಗಿ ಕೂಸಿನ ಅಂಗಿಯಾಗುತ್ತದಂತೆ. ಬೆಚ್ಚಗಿನ ನೀರಲ್ಲಿ ಅಂಟುವಾಳದಕಾಯಿ ಕಿವುಚಿ, ನೊರೆ ಬರಿಸಿ, ಕಂಬಳಿ ಮುಳುಗಿಸಿ ತುಳಿದೆವು. ಕುದಿನೀರು ಕೋಣೆಯ ಹಲಗೆಯ ಸಂದಿಗೆ ಹೋಯಿತು. ಗುಡಿಸಿದ ಕಸವನ್ನು ಒಲೆಗೆ ಹಾಕಿದೆವು. ಅಂಗಳದ ಬಿಸಿಲಲ್ಲಿ ಕಂಬಳಿ ಹರಡಿದಾಗ ಇಬ್ಬರೂ ಸೊಂಟ ಹಿಡಿದುಕೊಂಡು ನಿಂತಿದ್ದೆವು. ಅಷ್ಟರಲ್ಲಿ ದಾರಿಯಲ್ಲಿ ಮಾವ ಕಂಡರು. ಯಾರದೋ ಜೀಪು ಸಿಕ್ಕಿ ಬೇಗ ಬಂದಿದ್ದರು.

ಮಾವ ಅಂಗಳದಲ್ಲಿ ನಿಂತರು. ಕಂಬಳಿ ನೋಡಿದರು, ಜಲಜತ್ತಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಬಗ್ಗಿ ಕಂಬಳಿಯ ಅಂಚು ಎತ್ತಿ ಮೂಗಿಗೆ ಹಿಡಿದರು.

"ಕಡೇ ನೀರಿಗೆ ಲಾವಂಚ ಹಾಕ್ಲಿಲ್ವಾ? ಅವ್ಳು ಹಾಕ್ತಿದ್ಳು."

ಜಲಜತ್ತಿಗೆಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ನಿಮಗೆ ಗೊತ್ತಿತ್ತಾ ಅಪ್ಪ?"

"ಅಷ್ಟು ವರ್ಷ ಹೊದ್ದವ್ನಿಗೆ ಗೊತ್ತಾಗ್ದೆ ಇರ್ತದಾ? ಹೊರನಾಡಿಂದ ಬಂದ ದಿನ ಕಂಬಳಿ ಘಮ್ ಅಂತಿತ್ತು. ಗೊತ್ತು ಅಂತ ಹೇಳಿದ್ರೆ ಅವ್ಳು ತೊಳಿಯೋದು ಬಿಟ್ಬಿಡ್ತಾಳೆ ಅಂತ ಸುಮ್ನಿದ್ದೆ." ಕಂಬಳಿಯ ಅಂಚನ್ನು ನೇವರಿಸಿದರು. "ಅವ್ಳು ತೊಳ್ದಿದ್ದೇ ಕಡೇದಾಗ್ಲಿ ಅಂತ ಇಟ್ಕೊಂಡಿದ್ದೆ. ಆ ಪರಿಮಳ ಯಾವಾಗ್ಲೋ ಹೋಗಿತ್ತು, ನಾನೇ ಇದೆ ಇದೆ ಅಂದ್ಕೊಳ್ತಿದ್ದೆ."

ನಾನು ಅತ್ತುಬಿಟ್ಟೆ, ರಂಗೂ. ಜಲಜತ್ತಿಗೆಯೂ ಅತ್ತರು. ಮಾವ ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಹೋದವರು ಒಂದು ಹಿಡಿ ಲಾವಂಚದ ಬೇರು ಕಿತ್ತುಕೊಂಡು ಬಂದು ನನ್ನ ಕೈಗೆ ಕೊಟ್ಟರು. ಇನ್ನೊಂದು ಸಲ ಅದ್ದಿ ಹರಡಿದೆವು.

ಹಪ್ಪಳದ ಡಬ್ಬಿ ನಾಗೇಶನ ಕೈಲಿ ಬರುತ್ತದೆ. ಪುಡಿಗಲ್ಲ, ತೊಳೆಯಬಾರದ್ದು ಏನಿದೆ ಅಂತ ಕೇಳಿದ್ದಕ್ಕೆ.

ಅಂಬುಜಾ


ಬಣಕಲ್
೨೪ ಏಪ್ರಿಲ್ ೧೯೯೮

ಅಂಬೂ,

ಕೂತೇ ಓದಿದೆ. ಕವನಾಗೂ ಓದಿ ಹೇಳಿದೆ. "ಅಮ್ಮ, ಆ ಅಜ್ಜ ಎಷ್ಟು ಒಳ್ಳೆಯವರು" ಅಂದಳು ಮಗಳು. ಹಪ್ಪಳ ಅರ್ಧ ಅವಳೇ ಮುಗಿಸಿದಳು. ಬೆಕ್ಕಿನ ತೀರ್ಮಾನ ಏನಾಯಿತು ಅಂತ ನೀನು ಬರೆದೇ ಇಲ್ಲ. ಮೇ ಒಂಬತ್ತಕ್ಕೆ ಸಂಜೆ ಬಸ್ಸಿಗೆ ಬರುತ್ತೇನೆ. ಅದು ಅಲ್ಲಿರಬೇಕು, ಇಲ್ಲದಿದ್ದರೆ ನಾನು ಊಟ ಮಾಡುವುದಿಲ್ಲ.

ರಂಗಮ್ಮ


ಸಂಸೆ
೧೬ ಮೇ ೧೯೯೮

ರಂಗೂ,

ನೀನು ಬಂದೆ, ಉಂಡೆ, ಒಂದು ರಾತ್ರಿ ಮಲಗಿ ಮಾರನೆಯ ಸಂಜೆ ಓಡಿದೆ. ಒಂದು ಗಳಿಗೆ ಕೂತು ಮಾತಾಡಲೂ ಆಗಲಿಲ್ಲ. ಆ ಗಲಾಟೆಯಲ್ಲಿ ನಿನಗೆ ಹೇಳದೆ ಉಳಿದದ್ದನ್ನು ಬರೆಯುತ್ತೇನೆ.

ಕಂಬಳಿ ತೊಳೆದು ಎರಡು ವಾರಕ್ಕೆ ಮತ್ತೆ ಒಂದಷ್ಟು ಹಾರಿದವು. ಗೂಡಿನೊಳಗೆ ಅಡಗಿದ್ದವು ಈಗ ಹೊರಗೆ ಬರುತ್ತಿವೆ, ಹೆದರಬೇಡ ಅಂದರು ಜಲಜತ್ತಿಗೆ. ಮತ್ತೆ ಕುದಿನೀರು, ಮತ್ತೆ ಬಿಸಿಲು, ಮತ್ತೆ ಕಸಕ್ಕೆ ಬೆಂಕಿ. ಈಗ ಶುಂಠಿಗೆ ದಿನಾ ಬಾಚುವವರು ಮಾವ, ಜಗಲಿಯಲ್ಲಿ, ಬಾಗಿಲು ತೆರೆದಿಟ್ಟೇ.

ನೀನು ಬರುವ ದಿನ ಬೆಳಿಗ್ಗೆ ಜಲಜತ್ತಿಗೆ ಪರೀಕ್ಷೆ ಇಟ್ಟರು. ಬಿಳಿ ಬಟ್ಟೆಯ ಮೇಲೆ ಚಿಗಟ ಕೂಡಲೇ ಕಾಣುತ್ತದಲ್ಲ, ಅದಕ್ಕೆ. ಮಾವ ಮಲ್ಲಿಗೆಯಂಥ ಬಿಳಿ ಪಂಚೆ ಉಟ್ಟು, ಪಾದದ ತನಕ ಇಳಿಬಿಟ್ಟು, ಜಗಲಿಯಿಂದ ಹೊರಟರು. ನಡುಮನೆ, ಊಟದ ಮನೆ, ಅಟ್ಟದ ಮೆಟ್ಟಿಲು, ಬಚ್ಚಲು, ಕಡೆಗೆ ಆ ಸಣ್ಣ ಕೋಣೆ. ಒಂದೊಂದು ಕಡೆಯೂ ಕಾಲು ಊರಿ ನಿಲ್ಲುವುದು, ನಾವು ಬಗ್ಗಿ ನೋಡುವುದು. ಹಿಂದೆ ಜಲಜತ್ತಿಗೆ, ನಾನು, ನಮ್ಮವರು, ಅಜಿತ, ಎಲ್ಲರ ಹಿಂದೆ ಬಾಲ ಎತ್ತಿಕೊಂಡು ಶುಂಠಿ. ದೇವರ ಉತ್ಸವ ಹೊರಟ ಹಾಗಿತ್ತು. ಇಡೀ ಮನೆ ಸುತ್ತಿ ಜಗಲಿಗೆ ಬಂದಾಗ ಪಂಚೆಯ ಮೇಲೆ ಒಂದು ಕರಿ ಚುಕ್ಕೆಯೂ ಇರಲಿಲ್ಲ. ನಾನು ಗೆದ್ದೆ ರಂಗೂ, ಗೆದ್ದೆವು.

ನಮ್ಮವರು ಆಗ ಬಾಯಿ ಬಿಟ್ಟರು. "ಅಪ್ಪ, ಬೆಕ್ಕನ್ನ ಹೊಳೆ ಆಚೆ ಅಂದಿದ್ರಲ್ಲ..."

"ಯಾರು ಅಂದಿದ್ದು?" ಅಂದರು ಮಾವ. "ಮನೆ ಬೆಕ್ಕನ್ನ ಯಾರಾದ್ರೂ ಹೊಳೆ ಆಚೆ ಬಿಡ್ತಾರಾ? ಹಾಲು ಹಾಕೇ ಅಂಬುಜಾ, ಹೊತ್ತಾಯ್ತು."

ಹಾಕಿದೆ. ಅತ್ತೆಯ ಬಟ್ಟಲಿನಲ್ಲೇ ಹಾಕಿದೆ.

ಇನ್ನು ಕಡೆಯ ಸಂಗತಿ, ಕೋಪ ಮಾಡಿಕೊಳ್ಳಬೇಡ. ನೀನು ಹೋದ ಮಾರನೆಯ ದಿನ ಜಮಖಾನಗಳನ್ನು ಬಿಸಿಲಿಗೆ ಹಾಕುವಾಗ ಒಂದು ಚಿಗಟ ಸಿಕ್ಕಿತು. ಒಂದೇ ಒಂದು, ನೀನು ಮಲಗಿದ್ದ ಜಮಖಾನದಲ್ಲಿ. ದುಂಡಗೆ, ತೋಟದ ಗಾಳಿ ಕುಡಿದು ಬೆಳೆದ ಹಾಗಿತ್ತು. ಜಲಜತ್ತಿಗೆ ಅದನ್ನು ಸೋಪಿನ ನೀರಿಗೆ ಹಾಕಿ, "ಇದು ನಮ್ದಲ್ಲ" ಅಂದರು. ಅಷ್ಟೇ ಅಂದರು. ಚಿಗಟ ಅನ್ನುವ ಮಾತೇ ಇಲ್ಲದ ಮನೆಯವಳೇ, ಈಗ ನಾನು ಕೇಳುತ್ತೇನೆ, ನಿಮ್ಮ ಮನೆಯಲ್ಲಿ ತೊಳೆಯಬಾರದ್ದು ಏನಿದೆ?

ಅಂಬುಜಾ


ಬಣಕಲ್
೨೫ ಮೇ ೧೯೯೮

ಅಂಬೂ,

ಸಿಕ್ಕಿಬಿದ್ದೆ. ಮಾನ ಹೋಯಿತು ಅಂತ ಒಂದು ದಿನ ಮುಸುಕೆಳೆದು ಮಲಗಿದ್ದೆ, ಮುಸುಕಿನಲ್ಲೂ ಕಚ್ಚಿತು.

ನಿಜ ಹೇಳುತ್ತೇನೆ. ಪುಡಿ ಹಚ್ಚಿದರೆ ನಾಲ್ಕು ದಿನ ನಿಲ್ಲುತ್ತಿತ್ತು, ಆಮೇಲೆ ಮತ್ತೆ ಇರುತ್ತಿತ್ತು. ನಾಯಿ ಇದ್ದ ಮನೆಯಲ್ಲಿ ಇದ್ದದ್ದೇ ಅಂತ ಕೆರೆದುಕೊಂಡು ಸುಮ್ಮನಿದ್ದೆ. ನಿನ್ನ ಮುಂದೆ ಮಾತ್ರ ದೊಡ್ಡಸ್ತಿಕೆ. ನಿಮ್ಮ ಮನೆಯಲ್ಲಿ ಆ ರಾತ್ರಿ ಒಂದು ಸಲವೂ ಕಚ್ಚಿಸಿಕೊಳ್ಳದೆ ಮಲಗಿದಾಗ ಹೊಟ್ಟೆ ಉರಿದದ್ದೂ ನಿಜ.

ನಿನ್ನ ಪ್ರಶ್ನೆಗೆ ಉತ್ತರ ಹುಡುಕಲು ಟೈಗರ್ ಮತ್ತು ರಾಣಿಯ ಹಿಂದೆ ಒಂದು ಮಧ್ಯಾಹ್ನ ನಾನೇ ಸುತ್ತಿದೆ. ಎರಡೂ ನೆಟ್ಟಗೆ ಗೋಡೌನಿಗೆ ಹೋಗಿ ಖಾಲಿ ಗೋಣಿಚೀಲದ ರಾಶಿಯ ಮೇಲೆ ಬಿದ್ದುಕೊಂಡವು. ಬರುವ ಕೊಯ್ಲಿಗೆ ಬೇಕೆಂದು ನಮ್ಮ ಯಜಮಾನರು ಜೋಡಿಸಿಟ್ಟ ರಾಶಿ. ನೀರು ತಾಗಿದರೆ ಚೀಲಕ್ಕೆ ಬೂಷ್ಟು ಹಿಡಿದು ಕಾಫಿಯ ವಾಸನೆ ಕೆಡುತ್ತದೆಂದು ಮೇಸ್ತ್ರಿಯನ್ನೂ ಮುಟ್ಟಗೊಡುವುದಿಲ್ಲ. ಒಂದು ಚೀಲ ಎತ್ತಿ ನೋಡಿದೆ. ಸಾಸಿವೆಪುಡಿ. ನಿಮ್ಮ ಮಡಿಗೆ ನಗುತ್ತಿದ್ದ ನನಗೆ ನಮ್ಮ ಮಡಿ ಕಂಡಿರಲಿಲ್ಲ.

ಮಳೆ ಹಿಡಿಯಲು ಇನ್ನೂ ವಾರ ಹತ್ತು ದಿನವಿದೆ, ಕಾಫಿ ಒಣಗಿಸುವ ಕಣದಲ್ಲಿ ಬಿಸಿಲು ಸುಡುತ್ತಿದೆ, ತೊಳೆದ ಚೀಲ ಒಂದೇ ದಿನದಲ್ಲಿ ಒಣಗುತ್ತದೆ. ನಮ್ಮ ಯಜಮಾನರು ಗೋಡೌನಿನ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದಾರೆ. ನಾನು ಹಂಡೆ ಕಾಯಿಸಿ ಚೊಂಬು ಹಿಡಿದು ಎದುರಿಗೆ ನಿಂತಿದ್ದೇನೆ. ಅವರು ಸರಿಯುತ್ತಾರೆ, ಅದು ನನಗೆ ಬಿಡು. ಈ ಸಲ ಹೇಳುವವಳು ನೀನು.

ಎಲ್ಲಿ ಸುರಿಯಲಿ?

ರಂಗಮ್ಮ